ಮನೆಗೆ ಕಳುಹಿಸುವ ಮುನ್ನ

ಯಶವಂತಪುರದಿಂದ ಮೊದಲ್ಗೊಂಡು ಮತ್ತಿಕೆರೆ, ಹೆಬ್ಬಾಳಗಳನ್ನು ಹಾದು ಯಲಹಂಕದವರೆಗೆ ಹಬ್ಬಿರುವ ನಮ್ಮ ಉತ್ತರ ಬೆಂಗಳೂರಿನಲ್ಲಿ ಇಂದು ದೊಡ್ಡ ಆಸ್ಪತ್ರೆಗಳಿಗೆ ಕೊರತೆಯೆಂಬುದಿಲ್ಲ. 1973ರಲ್ಲಿ ಹೆಬ್ಬಾಳದ ಬಳಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಬಾಗಿಲು ತೆರೆದಾಗ ಆ ಪ್ರದೇಶ ಊರಿನ ಅಂಚಿನದು. ಇಂದು ಅದರ ಸುತ್ತಮುತ್ತಲ ಕೆಲವೇ ಮೈಲಿಗಳೊಳಗೆ ರಾಮಯ್ಯ, ಮಣಿಪಾಲ್, ಆಸ್ಟರ್, ಸ್ಪರ್ಶ್ ಮೊದಲಾದ ಹೆಸರುಗಳನ್ನು ಹೊತ್ತ ಬಹುಮಹಡಿ ಕಟ್ಟಡಗಳು ನಿಂತಿವೆ. ಯಲಹಂಕದಲ್ಲಿ ಸರ್ಕಾರದ ಸಾರ್ವಜನಿಕ ಆಸ್ಪತ್ರೆಯೂ ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆಯೂ ಬಡವರ ಪಾಲಿಗಿವೆ. ಎಂಬತ್ತು ದಾಟಿದ ಮುದುಕಿಯೊಬ್ಬಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಹಾಸಿಗೆ ಹಿಡಿದು ಕೊನೆಯನ್ನು ಎದುರುನೋಡುವ ಸ್ಥಿತಿಯಾಗಿತ್ತು. ಇಂದು ಲೋಹದ ಕೀಲನ್ನು ಕೂರಿಸಿ, ಮರುದಿನವೇ ವಾಕರ್ ಹಿಡಿಸಿ ಆಕೆಯನ್ನು ನಿಲ್ಲಿಸುತ್ತಾರೆ. ಈ ವಿದ್ಯೆಗೂ ಅದನ್ನು ಬಲ್ಲ ವೈದ್ಯರಿಗೂ ನಾವು ಋಣಿಗಳು.

ಆದರೆ ಇಷ್ಟು ನೈಪುಣ್ಯದಿಂದ ನಡೆದ ಶಸ್ತ್ರಚಿಕಿತ್ಸೆಯ ಫಲವೆಲ್ಲ ಆಸ್ಪತ್ರೆಯ ಹೆಬ್ಬಾಗಿಲಿನಿಂದ ಮನೆಯ ಹೊಸ್ತಿಲಿನವರೆಗಿನ ದಾರಿಯಲ್ಲಿ, ಮತ್ತು ಆ ಹೊಸ್ತಿಲನ್ನು ದಾಟಿದ ಮೊದಲ ಕೆಲವು ವಾರಗಳಲ್ಲಿ, ಎಷ್ಟು ಸುಲಭವಾಗಿ ಸೋರಿಹೋಗಬಲ್ಲದೆಂಬುದನ್ನು ಕಂಡವರು ಕಡಮೆಯಿಲ್ಲ. ದೇಹವನ್ನು ಕೊಯ್ದು ಸರಿಪಡಿಸುವುದಕ್ಕೆ ಹತ್ತಾರು ಮಂದಿ ಪರಿಣತರು ಕೂಡಿ ಪೂರ್ವಭಾವಿಯಾಗಿ ಪರ್ಯಾಲೋಚಿಸುತ್ತಾರೆ. ಅದೇ ದೇಹವನ್ನು ಮನೆಗೆ ಕಳುಹಿಸುವ ಕಾರ್ಯವನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ, ಅದು ತಾನಾಗಿ ಆಗುತ್ತದೆಂಬ ಭಾವನೆಯಿಂದ ಬಿಲ್ಲಿಂಗ್ ಕೌಂಟರಿಗೆ ಬಿಟ್ಟುಬಿಡಲಾಗುತ್ತದೆ. ವೃದ್ಧರ ವಿಷಯದಲ್ಲಿ ಡಿಸ್ಚಾರ್ಜ್ ಎಂಬುದು ಚಿಕಿತ್ಸೆಯ ಅಂತ್ಯವಲ್ಲ, ಚಿಕಿತ್ಸೆಯ ಒಂದು ಅಂಗ. ಆದುದರಿಂದ ಅದನ್ನು ರೋಗಿ ದಾಖಲಾದ ದಿನವೇ, ಸಾಧ್ಯವಾದ ಕಡೆ ದಾಖಲಾಗುವುದಕ್ಕೂ ಮೊದಲೇ, ಯೋಚಿಸಿ ಏರ್ಪಡಿಸತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಿಸ್ಚಾರ್ಜಿನ ದಿನ ಹೇಗೆ ಕಳೆಯುತ್ತದೆಂಬುದನ್ನು ಓದುಗರಲ್ಲಿ ಅನೇಕರು ಬಲ್ಲರು. ಬೆಳಗಿನ ಸುತ್ತಿನಲ್ಲಿ ದೊಡ್ಡ ಡಾಕ್ಟರು ಬಂದು, ಗಾಯವನ್ನು ನೋಡಿ, "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ರೋಗಿಯ ಮುಖ ಅರಳುತ್ತದೆ. ಅನಂತರ ಔಷಧ ವಿಭಾಗಕ್ಕೆ ಉಳಿದ ಮಾತ್ರೆಗಳನ್ನು ಹಿಂದಿರುಗಿಸಬೇಕು, ಡಿಸ್ಚಾರ್ಜ್ ಸಮರಿ ಟೈಪಾಗಬೇಕು, ಅದಕ್ಕೆ ಕಿರಿಯ ವೈದ್ಯರ ರುಜು ಬೀಳಬೇಕು, ಬಿಲ್ಲು ತಯಾರಾಗಿ ವಿಮಾ ಸಂಸ್ಥೆಗೆ ಹೋಗಿ ಒಪ್ಪಿಗೆ ಬರಬೇಕು. ಆಸ್ಪತ್ರೆಯ ಕೋರಿಕೆ ತಲಪಿದ ಮೂರು ಗಂಟೆಗಳೊಳಗೆ ಕ್ಯಾಷ್‌ಲೆಸ್ ರೋಗಿಗಳ ಅಂತಿಮ ಒಪ್ಪಿಗೆಯನ್ನು ಕೊಡಬೇಕೆಂದೂ, ತಡವಾದರೆ ಅದರಿಂದ ಬೀಳುವ ಹೆಚ್ಚಿನ ಖರ್ಚನ್ನು ವಿಮಾ ಸಂಸ್ಥೆಯೇ ಹೊರಬೇಕೆಂದೂ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಆಜ್ಞೆ ಮಾಡಿದೆ; ಇದು ಸ್ವಾಗತಾರ್ಹವಾದ ನಿಯಮ. ಆದರೆ ಆ ಕೋರಿಕೆಯೇ ಮಧ್ಯಾಹ್ನ ಊಟದ ಹೊತ್ತು ಕಳೆದು ಹೋದರೆ, ನಿಯಮವನ್ನು ಅಕ್ಷರಶಃ ಪಾಲಿಸಿಯೂ ಸಂಜೆಯಾಗಿಬಿಡುತ್ತದೆ. ಕೈಗೆ ಚುಚ್ಚಿದ್ದ ಸೂಜಿಯನ್ನು ತೆಗೆದು, ಮನೆಯಿಂದ ತಂದ ಸೀರೆ ಉಡಿಸಿ, ಬೆಳಗ್ಗೆಯಿಂದ ಕೂರಿಸಿಟ್ಟ ವೃದ್ಧೆ ಆ ಹೊತ್ತಿಗೆ ನೋವಿನಿಂದಲೂ ಆಯಾಸದಿಂದಲೂ ಕುಗ್ಗಿರುತ್ತಾಳೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಸಂಜೆ ಆರರಿಂದ ಒಂಬತ್ತರವರೆಗೆ ವಾಹನಗಳು ತೆವಳುವ ಆ ವೇಳೆಯಲ್ಲಿ, ಕಾಲು ಚಾಚಲಾಗದ ಕಾರಿನ ಹಿಂದಿನ ಸೀಟಿನಲ್ಲಿ ಆಕೆಯ ಮನೆಯ ಪ್ರಯಾಣ ಮೊದಲಾಗುತ್ತದೆ.

ಈ ಅವಸರದ ನಡುವೆ ಎಲ್ಲೋ ಒಂದು ಕಡೆ ಐದು ನಿಮಿಷ ಬಿಡುವು ಮಾಡಿಕೊಂಡು ದಾದಿಯೊಬ್ಬಳು ಔಷಧಗಳ ವಿವರವನ್ನು ಓದಿ ಹೇಳುತ್ತಾಳೆ. ಹೇಳುವುದು ಯಾರಿಗೆ? ಬಿಲ್ಲಿನ ಕಾಗದಗಳನ್ನು ಕೈಯಲ್ಲಿ ಹಿಡಿದು, ಗಾಡಿ ಎಲ್ಲಿ ನಿಂತಿದೆಯೆಂಬ ಚಿಂತೆಯಲ್ಲಿರುವ ಮಗನಿಗೆ. ರಾತ್ರಿ ಎರಡು ಗಂಟೆಗೆ ಎದ್ದು ಅತ್ತೆಯನ್ನು ಬಚ್ಚಲಿಗೆ ಕರೆದೊಯ್ಯಬೇಕಾದ ಸೊಸೆ, ಅಥವಾ ಎಪ್ಪತ್ತೈದರ ವಯಸ್ಸಿನಲ್ಲಿ ಹೆಂಡತಿಯ ಶುಶ್ರೂಷೆಗೆ ನಿಲ್ಲಬೇಕಾದ ಗಂಡ, ಆ ಮಾತನ್ನು ಕೇಳಿಯೇ ಇರುವುದಿಲ್ಲ. ಮಾರನೆಯ ದಿನ ಅವರ ಕೈಗೆ ಬರುವುದು ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕಾರು ಹಾಳೆಗಳು. ಅದರಲ್ಲಿ 1-0-1 ಎಂದರೆ ಬೆಳಗ್ಗೆ ಒಂದು ರಾತ್ರಿ ಒಂದು ಎಂಬುದನ್ನು ಊಹಿಸಬಹುದು, ಬೇಕಾದಾಗ ಮಾತ್ರ ಎಂಬರ್ಥದ ಎಸ್‌ಒಎಸ್ ಎಂಬುದನ್ನು ಕಂಡಾಗ ದಿನಕ್ಕೆ ಎಷ್ಟೆಂದು ಯಾರನ್ನು ಕೇಳಬೇಕೋ ತಿಳಿಯದು. ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಾದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ನುಗಳನ್ನು ಎಣಿಸಿ ಕೊಟ್ಟಿರುತ್ತಾರೆ. ಚುಚ್ಚುವವರು ಯಾರು, ಚುಚ್ಚಿದ ಮೇಲೆ ಆ ಜಾಗವನ್ನು ತಿಕ್ಕಬಾರದೆಂದು ಬಲ್ಲವರು ಯಾರು, ಎಂಬ ಪ್ರಶ್ನೆ ಏಳುವುದು ಮನೆಗೆ ಬಂದ ಮೇಲೆ.

ವೃದ್ಧರ ದೇಹಕ್ಕೆ ಈ ಅಜಾಗರೂಕತೆಯನ್ನು ತಾಳಿಕೊಳ್ಳುವ ಶಕ್ತಿ ಇಲ್ಲ. ನಲವತ್ತರ ವಯಸ್ಸಿನವನು ಒಂದು ವಾರ ಹಾಸಿಗೆಯಲ್ಲಿದ್ದರೆ ಸೋಮಾರಿತನ ಬರಬಹುದು; ಎಂಬತ್ತರವನಿಗೆ ಅಷ್ಟೇ ದಿನಗಳಲ್ಲಿ ತೊಡೆಯ ಮಾಂಸಖಂಡಗಳು ಕರಗಿ, ಕುರ್ಚಿಯಿಂದ ಏಳುವುದೇ ದುಸ್ಸಾಧ್ಯವಾಗುತ್ತದೆ. ಮಲಗಿದ್ದವರು ತಟಕ್ಕನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ, ಬೀಳುತ್ತಾರೆ. ನೋವಿಗೆಂದು ಕೊಟ್ಟ ಬಲವಾದ ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ, ಕೆಲವರಿಗೆ ಮೂತ್ರ ಕಟ್ಟುತ್ತದೆ. ಬೇರೆ ಬಗೆಯ ನೋವಿನ ಮಾತ್ರೆಗಳು ಮೊದಲೇ ಸವೆದ ಮೂತ್ರಪಿಂಡಗಳನ್ನು ಇನ್ನಷ್ಟು ಬಳಲಿಸುತ್ತವೆ. ಸೊಂಟದ ಶಸ್ತ್ರಚಿಕಿತ್ಸೆಯಾದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಸರಿದು ಪ್ರಾಣಕ್ಕೇ ಎರವಾಗುವ ಅಪಾಯ ಹಲವು ವಾರಗಳವರೆಗೂ ಉಂಟು. ಆದ್ದರಿಂದಲೇ ತಡೆಗಟ್ಟುವ ಔಷಧವನ್ನು 35 ದಿನಗಳವರೆಗೂ ಕೊಡುವ ಪದ್ಧತಿಯಿದೆ. ಇವೆಲ್ಲಕ್ಕಿಂತ ಮನೆಯವರನ್ನು ಬೆದರಿಸುವುದು ಚಿತ್ತವಿಭ್ರಮೆ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ತಂದೆ ಸಂಜೆಯಾಗುತ್ತಲೂ ಮಗನನ್ನು ಗುರುತಿಸದೆ, ಎಂದೋ ತೀರಿಕೊಂಡ ಅಣ್ಣನನ್ನು ಕರೆಯುತ್ತ, ಕ್ಯಾಥೆಟರಿನ ಪೈಪನ್ನು ಕಿತ್ತುಕೊಳ್ಳಲು ಹೋಗುತ್ತಾರೆ. ಮನೆಯವರು ಇದನ್ನು ಬುದ್ಧಿಭ್ರಮಣೆಯೆಂದೋ ಮರೆವಿನ ರೋಗವೆಂದೋ ತಿಳಿದು ಕಂಗಾಲಾಗುತ್ತಾರೆ. ಶಸ್ತ್ರಚಿಕಿತ್ಸೆಯಾದ ಹಿರಿಯರಲ್ಲಿ ಇದು ಬರುವುದುಂಟು, ಸೋಂಕು, ನಿರ್ಜಲತೆ, ಮೂತ್ರ ಕಟ್ಟುವಿಕೆ, ಯಾವುದೋ ಮಾತ್ರೆ, ಇವುಗಳಲ್ಲೊಂದು ಕಾರಣವಾಗಿರಬಹುದು, ಕಾರಣವನ್ನು ಹಿಡಿದರೆ ಬಹುಮಟ್ಟಿಗೆ ಇಳಿಯುತ್ತದೆ ಎಂಬಷ್ಟು ಮಾತನ್ನು ಮೊದಲೇ ಹೇಳಿದ್ದರೆ ಆ ಮನೆಯ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ಆರ್.ಟಿ. ನಗರದ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅಜ್ಜಿ ಮನೆಗೆ ಬಂದಿದ್ದರು. ಊಟದ ಮೇಜಿನ ಮೇಲೆ ಆಸ್ಪತ್ರೆಯ ಕಾಗದದ ಚೀಲದಲ್ಲಿ ಹೊಸ ಔಷಧಗಳು. ಪಕ್ಕದಲ್ಲಿ ಆಕೆ ಹತ್ತಾರು ವರ್ಷಗಳಿಂದ ಕಾಪಾಡಿಕೊಂಡು ಬಂದ ಸ್ಟೀಲಿನ ಡಬ್ಬಿ, ಅದರೊಳಗೆ ಬಿ.ಪಿ., ಸಕ್ಕರೆ, ಮಂಡಿನೋವು, ನಿದ್ರೆ, ಗ್ಯಾಸು ಎಂದು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ವೈದ್ಯರು ಬರೆದ ಮಾತ್ರೆಗಳ ಹಾಳೆಗಳು, ಕೆಲವು ಅರ್ಧ ಕತ್ತರಿಸಿದವು, ರಬ್ಬರ್ ಬ್ಯಾಂಡ್ ಹಾಕಿದವು. ಕಾಲೇಜಿಗೆ ಹೋಗುವ ಮೊಮ್ಮಗಳು ಸಮರಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಹೊಂದಿಸುತ್ತಿದ್ದಳು. "ಅಜ್ಜಿ, ನಿಮ್ಮ ಹಳೇ ಮಾತ್ರೆ ನಿಲ್ಲಿಸಬೇಕಾ, ಜೊತೆಗೆ ತಗೋಬೇಕಾ? ಇದರಲ್ಲಿ ಬರೆದೇ ಇಲ್ಲ" ಎಂದಳು. ಅಜ್ಜಿ, "ಡಾಕ್ಟ್ರು ಏನೂ ಬಿಡು ಅಂತ ಹೇಳಲಿಲ್ಲಮ್ಮ, ಅದಕ್ಕೆ ಎರಡೂ ತಗೊಂಡೆ" ಎಂದರು. ಬೀದಿಯ ತಿರುವಿನಲ್ಲಿದ್ದ ಮೆಡಿಕಲ್ ಸ್ಟೋರಿನವನು, ಇನ್ನೊಂದು ಮಾತ್ರೆಗೆಂದು ಹೋದಾಗ, ಎರಡು ಹಾಳೆಗಳನ್ನೂ ತಿರುಗಿಸಿ ಸಣ್ಣ ಅಕ್ಷರವನ್ನು ಓದಿ ತೋರಿಸಿದ: ಡಬ್ಬಿಯಲ್ಲಿದ್ದ ಬಿ.ಪಿ. ಮಾತ್ರೆಯೂ ಚೀಲದಲ್ಲಿದ್ದ ಬಿ.ಪಿ. ಮಾತ್ರೆಯೂ ಒಂದೇ ಅಮ್ಲೋಡಿಪಿನ್, ಕಂಪನಿಯ ಹೆಸರು ಮಾತ್ರ ಬೇರೆ. ಅಜ್ಜಿ ಬಂದಂದಿನಿಂದ ಎರಡರಷ್ಟು ತೆಗೆದುಕೊಳ್ಳುತ್ತಿದ್ದರು. ಎದ್ದು ನಿಂತಾಗಲೆಲ್ಲ ತಲೆಸುತ್ತು ಬರುತ್ತಿದ್ದುದಕ್ಕೆ ನಿಶ್ಶಕ್ತಿಯೇ ಕಾರಣವೆಂದು ಮನೆಯವರು ಎಳನೀರು ಕುಡಿಸುತ್ತಿದ್ದರು. ಡಬ್ಬಿಯಲ್ಲಿದ್ದ ಮಂಡಿನೋವಿನ ಮಾತ್ರೆಯನ್ನು ರಕ್ತ ತೆಳುಗೊಳಿಸುವ ಔಷಧದ ಜೊತೆಗೆ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದೆಂದು ಹೇಳಿದವನೂ ಅದೇ ಅಂಗಡಿಯವನು.

ಆ ಅಜ್ಜಿ ಬೀಳಲಿಲ್ಲ. ಬಿದ್ದಿದ್ದರೆ, ಕೂರಿಸಿದ ಹೊಸ ಕೀಲು ಕಳಚಿ, ಮತ್ತೆ ಅದೇ ವಾರ್ಡಿಗೆ ಬರುತ್ತಿದ್ದರು, ಮತ್ತು ಕಾರಣದ ಅಂಕಣದಲ್ಲಿ "ಆಕಸ್ಮಿಕ ಪತನ" ಎಂದು ಬರೆಯಲಾಗುತ್ತಿತ್ತು. ಅದು ಆಕಸ್ಮಿಕವೆಂದು ನಾನು ಒಪ್ಪಲಾರೆ. ದಾಖಲಾದ ದಿನ ಮನೆಯ ಡಬ್ಬಿಯನ್ನು ತರಿಸಿ, ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು, ಯಾವುದು ಹೊಸದು ಎಂದು ಮೂರು ಸಾಲು ಬರೆದುಕೊಡುವುದು ಅರ್ಧ ಗಂಟೆಯ ಕೆಲಸ. ಲಕ್ಷಾಂತರ ರೂಪಾಯಿ ಬಿಲ್ಲಾಗುವ ಚಿಕಿತ್ಸೆಯಲ್ಲಿ ಈ ಅರ್ಧ ಗಂಟೆಗೆ ಸ್ಥಳವಿಲ್ಲವೆಂದರೆ ಅದು ಅಕ್ಷಮ್ಯ.

ಔಷಧದಷ್ಟೇ ಮುಖ್ಯವಾದುದು ಮನೆ. ಆಸ್ಪತ್ರೆಯಲ್ಲಿ ನೆಲ ಸಮತಟ್ಟು, ಹಾಸಿಗೆ ಎತ್ತರ, ಶೌಚಗೃಹದ ಗೋಡೆಗೆ ಹಿಡಿ, ಕರೆಗಂಟೆ ತಲೆಯ ಬಳಿ. ಮನೆಗೆ ಬಂದರೆ ಇದ್ಯಾವುದೂ ಇಲ್ಲ. ಆರ್.ಟಿ. ನಗರ, ಗಂಗಾನಗರಗಳ ಹಳೆಯ ನಿವೇಶನಗಳಲ್ಲಿ ಕೆಳಗೆ ಬಾಡಿಗೆದಾರರು, ಮೇಲೆ ಮನೆಯ ಯಜಮಾನರು ಇರುವ ರೂಢಿ ಹೆಚ್ಚು. ಸ್ಥಳ ಉಳಿಸಲೆಂದು ಹೊರಗೋಡೆಗೆ ಅಂಟಿಸಿ ಕಟ್ಟಿದ ಮೆಟ್ಟಿಲು ಕಡಿದು, ಒಬ್ಬರು ಹತ್ತುವಾಗ ಇನ್ನೊಬ್ಬರು ಪಕ್ಕದಲ್ಲಿ ಹಿಡಿದು ನಡೆಯುವುದಕ್ಕೆ ಆಗುವುದಿಲ್ಲ. ಯಲಹಂಕ ಉಪನಗರದಲ್ಲಿ ಗೃಹಮಂಡಲಿಯವರು ಕಟ್ಟಿದ ಹಳೆಯ ಮನೆಗಳ ಬಚ್ಚಲು ಕೋಣೆಗಳಲ್ಲಿ ವಾಕರ್ ತಿರುಗುವಷ್ಟು ಜಾಗವಿರುವುದು ಅಪರೂಪ, ಬಾಗಿಲಿಗೆ ಎಡವುವ ಹೊಸ್ತಿಲು ಬೇರೆ. ಸೊಂಟದ ಕೀಲು ಬದಲಿಸಿಕೊಂಡವರು ಕುಕ್ಕರಗಾಲಿನಲ್ಲಿ ಕೂಡಬಾರದು, ತಗ್ಗಾದ ಆಸನದ ಮೇಲೆ ಕೂಡಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಕಾಗದದಲ್ಲಿ ಬರೆದಿರುತ್ತದೆ. ಮನೆಯಲ್ಲಿರುವುದು ಹಳೆಯ ಮಾದರಿಯ ಶೌಚಾಲಯ ಒಂದೇ ಆದರೆ ಆ ವೃದ್ಧರು ಮೊದಲ ದಿನ ಬೆಳಗ್ಗೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಿದ್ದರೆ ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತರಿಸಬಹುದಿತ್ತು, ಗೋಡೆಗೆ ಕಬ್ಬಿಣದ ಹಿಡಿ ಹೊಡೆಸಬಹುದಿತ್ತು, ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಬಹುದಿತ್ತು, ಕೆಳಗಿನ ಮನೆಯವರನ್ನು ಕೇಳಿ ತಿಂಗಳ ಮಟ್ಟಿಗೆ ಒಂದು ಕೋಣೆಯನ್ನು ಪಡೆಯಬಹುದಿತ್ತು. ಮಂಡಿ ಬದಲಾವಣೆಯಂತಹ ಶಸ್ತ್ರಚಿಕಿತ್ಸೆಯ ದಿನ ವಾರಗಳ ಮೊದಲೇ ಗೊತ್ತಾಗಿರುತ್ತದೆ. ಬಿದ್ದು ಮೂಳೆ ಮುರಿದು ಬಂದವರ ವಿಷಯದಲ್ಲೂ ಎರಡನೆಯ ದಿನಕ್ಕೆ ಕೇಳಲು ಅವಕಾಶವಿರುತ್ತದೆ. ಕೇಳುವವರಿಲ್ಲ.

ನಮ್ಮ ಮನೆತನಗಳಿಗೆ ಚೇತರಿಕೆಯ ಶಾಸ್ತ್ರ ಗೊತ್ತಿಲ್ಲವೆಂದಲ್ಲ. ಬಾಣಂತಿಯ ವಿಷಯದಲ್ಲಿ ಎಂತಹ ಏರ್ಪಾಡು ನಮ್ಮಲ್ಲಿತ್ತು! ಹೆರಿಗೆಗೆ ತಿಂಗಳುಗಳ ಮುಂಚೆಯೇ ತವರಿಗೆ ಕರೆಸಿಕೊಂಡು, ಕೋಣೆ ಯಾವುದೆಂದು ನಿಶ್ಚಯಿಸಿ, ಎರೆಯುವವರು ಯಾರು, ಅಡುಗೆಗೆ ಯಾರು, ರಾತ್ರಿ ಮಗುವನ್ನು ನೋಡುವವರು ಯಾರು ಎಂಬುದನ್ನೆಲ್ಲ ಹೆಂಗಸರು ಕುಳಿತು ಗೊತ್ತುಮಾಡುತ್ತಿದ್ದರು; ಪಥ್ಯದ ಪುಡಿಗಳು ಮೊದಲೇ ಡಬ್ಬಿ ಸೇರಿರುತ್ತಿದ್ದವು. ಅಷ್ಟೇ ದುರ್ಬಲವಾದ, ಅಷ್ಟೇ ಪರಾಧೀನವಾದ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹಿಂದಿರುಗುವ ಅಜ್ಜನಿಗಾಗಿ ಅಂತಹ ಒಂದು ಪೂರ್ವಸಿದ್ಧತೆಯನ್ನು ನಮ್ಮ ಕಾಲ ಇನ್ನೂ ರೂಢಿಸಿಕೊಂಡಿಲ್ಲ. ಹಿಂದೆ ಈ ವಯಸ್ಸಿನವರಿಗೆ ಇಂತಹ ಶಸ್ತ್ರಚಿಕಿತ್ಸೆಯೇ ಆಗುತ್ತಿರಲಿಲ್ಲವಾದ್ದರಿಂದ ರೂಢಿ ಬೆಳೆಯಲು ಆಸ್ಪದವಿರಲಿಲ್ಲ; ಈಗ ಬೆಳೆಸಬೇಕಾಗಿದೆ.

ಬೆಳೆಸುವವರು ಮನೆಯಲ್ಲಿ ಯಾರಿದ್ದಾರೆ ಎಂಬುದೂ ವಿಚಾರಾರ್ಹ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರು; ಆ ಪ್ರಮಾಣ ಅಂದಿನಿಂದ ಏರುತ್ತಲೇ ಇದೆ. ಉತ್ತರ ಬೆಂಗಳೂರು ಒಂದು ಕಾಲಕ್ಕೆ ಕಾರ್ಖಾನೆಗಳ ನೌಕರರ ಊರು. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್., ಯಲಹಂಕದ ರೈಲು ಗಾಲಿ ಕಾರ್ಖಾನೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ, ಇವುಗಳಲ್ಲಿ ದುಡಿದು ನಿವೃತ್ತರಾಗಿ, ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಈಗ ಗಂಡಹೆಂಡಿರಿಬ್ಬರೇ ಉಳಿದಿರುವ ಕುಟುಂಬಗಳು ಈ ಬಡಾವಣೆಗಳಲ್ಲಿ ಬೀದಿಬೀದಿಗೂ ಸಿಗುತ್ತವೆ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರಬಹುದು, ಇಲ್ಲೇ ವೈಟ್‌ಫೀಲ್ಡಿನಲ್ಲಿದ್ದರೂ ದಾರಿಯ ದಟ್ಟಣೆಯಲ್ಲಿ ಅದು ಬೇರೊಂದು ಊರೇ. ಇಂತಹವರು ಹೋಂ ನರ್ಸ್ ಕಳುಹಿಸುವ ಏಜೆನ್ಸಿಗಳನ್ನು ನೆಚ್ಚುತ್ತಾರೆ. ಆ ಹೆಸರಿನಲ್ಲಿ ಬರುವ ಹುಡುಗಿಯರಲ್ಲಿ ಶುಶ್ರೂಷಾ ಶಿಕ್ಷಣ ಪಡೆದವರೂ ಉಂಟು, ಹಳ್ಳಿಯಿಂದ ನಿನ್ನೆ ಬಂದು ಯಾವ ತರಬೇತಿಯೂ ಇಲ್ಲದೆ ನಿಯೋಜಿತರಾದವರೂ ಉಂಟು. ಇಬ್ಬರನ್ನೂ ಮನೆಯವರು ಸಿಸ್ಟರ್ ಎಂದೇ ಕರೆಯುತ್ತಾರೆ, ಇಬ್ಬರ ಕೈಗೂ ಕ್ಯಾಥೆಟರನ್ನು ಒಪ್ಪಿಸುತ್ತಾರೆ. ಆ ಹುಡುಗಿಯರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಯಾವ ಕೆಲಸಕ್ಕೆ ಯಾವ ತರಬೇತಿಯವರು ಬೇಕೆಂಬುದನ್ನು ಕುಟುಂಬಕ್ಕೆ ಹೇಳಬೇಕಾದ್ದು ಆಸ್ಪತ್ರೆ.

ಇಲ್ಲಿ ಆಸ್ಪತ್ರೆಗಳ ಸಮಾಧಾನವೊಂದುಂಟು, ಅದನ್ನು ಅಲಕ್ಷಿಸಲಾಗದು. ಹಾಸಿಗೆಗಳು ಪರಿಮಿತ, ಸರ್ಕಾರಿ ಆಸ್ಪತ್ರೆಯಲ್ಲಂತೂ ಒಬ್ಬರು ಎದ್ದರೆ ಮಲಗಲು ಇನ್ನೊಬ್ಬರು ಹೊರಗೆ ಕಾದಿರುತ್ತಾರೆ. ವಿಮೆಯವರು ಚೇತರಿಕೆಯ ವಾಸಕ್ಕೆ ಹಣ ಕೊಡುವುದಿಲ್ಲ. ಅಲ್ಲದೆ ಆಸ್ಪತ್ರೆಯಲ್ಲಿ ಹೆಚ್ಚು ದಿನ ಇಡುವುದೂ ವೃದ್ಧರಿಗೆ ಹಿತವಲ್ಲ; ಅಲ್ಲಿನ ಸೋಂಕು, ನಿದ್ರಾಭಂಗ, ಅಪರಿಚಿತ ಪರಿಸರ ಇವೆಲ್ಲ ಚಿತ್ತವಿಭ್ರಮೆಯನ್ನು ಹೆಚ್ಚಿಸುತ್ತವೆ. ಇದೆಲ್ಲವೂ ನಿಜ. "ಇನ್ನೆರಡು ದಿನ ಇಟ್ಟುಕೊಳ್ಳಿ ಡಾಕ್ಟ್ರೇ" ಎಂದು ಬೇಡುವ ಕುಟುಂಬಕ್ಕೆ ನಿಜವಾಗಿ ಬೇಕಾಗಿರುವುದು ಆ ಎರಡು ದಿನವಲ್ಲ, ಮನೆಯಲ್ಲಿ ನಿಭಾಯಿಸಬಲ್ಲೆವೆಂಬ ಧೈರ್ಯ. ಬೇಗ ಕಳುಹಿಸಲಿ, ಸಿದ್ಧಪಡಿಸಿ ಕಳುಹಿಸಲಿ.

ಸಿದ್ಧಪಡಿಸಿದರೆ ಏನಾಗುತ್ತದೆಂಬುದಕ್ಕೆ ಪ್ರಮಾಣವಿದೆ. ಅಮೆರಿಕದ ಮೇರಿ ನೇಯ್ಲರ್ ಎಂಬ ಶುಶ್ರೂಷಾ ವಿದುಷಿಯೂ ಆಕೆಯ ಸಂಗಡಿಗರೂ ಫಿಲಡೆಲ್ಫಿಯಾದ ಎರಡು ಆಸ್ಪತ್ರೆಗಳಲ್ಲಿ 65 ವರ್ಷ ದಾಟಿದ 363 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ವೃತ್ತಾಂತ 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಡಿಸ್ಚಾರ್ಜ್. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ, ಉನ್ನತ ಶಿಕ್ಷಣ ಪಡೆದ ದಾದಿಯೊಬ್ಬಳು ಆಸ್ಪತ್ರೆಯಲ್ಲಿರುವಾಗಲೇ ಪರಿಚಯವಾಗಿ, ಮನೆಗೆ ಹೋಗುವ ಏರ್ಪಾಡನ್ನು ತಾನೇ ಮಾಡಿ, ಅನಂತರ ನಾಲ್ಕು ವಾರಗಳವರೆಗೆ ಮನೆಗೇ ಹೋಗಿ ನೋಡಿ, ಫೋನಿನಲ್ಲಿ ದೊರಕುತ್ತಿದ್ದಳು. ಆರು ತಿಂಗಳು ಸಮೀಪಿಸುವ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 37 ಮಂದಿ ಮತ್ತೆ ಆಸ್ಪತ್ರೆ ಸೇರಿದ್ದರು, ಎರಡನೆಯದರಲ್ಲಿ 20. ಒಟ್ಟು ಚಿಕಿತ್ಸಾವೆಚ್ಚವೂ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ರೋಗಿಯನ್ನು ಬಲ್ಲ ಒಬ್ಬ ದಾದಿ, ಅಷ್ಟೆ.

ಇದು ಧನಿಕ ದೇಶದ ಮಾತು, ನಮ್ಮಲ್ಲಿ ಸಾಗದು ಎನ್ನುವವರಿಗೆ ನಮ್ಮ ಊರಿನದೇ ಉತ್ತರವಿದೆ. 1994ರಲ್ಲಿ ಆರಂಭವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ದಾದಿಯರನ್ನೂ ಸಮಾಲೋಚಕರನ್ನೂ ಹಣ ಪಡೆಯದೆ ಕಳುಹಿಸುತ್ತ ಬಂದಿದೆ. ಬ್ಯಾಪ್ಟಿಸ್ಟ್ ಆಸ್ಪತ್ರೆಯ ಉಪಶಮನ ಚಿಕಿತ್ಸಾ ತಂಡವೂ ಮನೆಗಳಿಗೆ ಹೋಗುತ್ತದೆ. ಇದೇ ದಟ್ಟಣೆಯ ರಸ್ತೆಗಳಲ್ಲಿ, ಇದೇ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಅವರು ಆ ಕೆಲಸವನ್ನು ಮಾಡುತ್ತಿದ್ದಾರೆ. ಗುಣವಾಗದವರ ಮನೆಗೆ ಹೋಗುವ ಕರುಣೆ ನಮ್ಮ ಊರಿಗೆ ಸಾಧ್ಯವಾಗಿರುವಾಗ, ಗುಣವಾಗುತ್ತಿರುವವರ ಮನೆಗೆ ಮೊದಲ ಹದಿನೈದು ದಿನಗಳಲ್ಲಿ ಎರಡು ಬಾರಿ ಹೋಗುವುದು ಏಕೆ ಸಾಧ್ಯವಾಗಬಾರದು?

ಸರ್ಕಾರದ ಕೈಯಲ್ಲಿಯೂ ಸಾಧನಗಳಿಲ್ಲದಿಲ್ಲ. ಆಯುಷ್ಮಾನ್ ಭಾರತ ಯೋಜನೆಯ ನಿಯಮದಲ್ಲಿಯೇ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧ ಮತ್ತು ಮರುಪರೀಕ್ಷೆಯ ವೆಚ್ಚ ಸೇರಿದೆ. ಈ ಸಂಗತಿಯನ್ನು ಬಡರೋಗಿಗಳಿಗೆ ತಿಳಿಸಿಹೇಳಬೇಕಾದ್ದು ಆಸ್ಪತ್ರೆಯ ಸಹಾಯಕೇಂದ್ರ. ನಗರದ ವಾರ್ಡುಗಳಲ್ಲಿ 2023ರಿಂದ ‘ನಮ್ಮ ಕ್ಲಿನಿಕ್’ ಎಂಬ ಹೆಸರಿನ ಸರ್ಕಾರಿ ಚಿಕಿತ್ಸಾಲಯಗಳು ತೆರೆದಿವೆ, ಅಲ್ಲಿ ವೈದ್ಯರೂ ದಾದಿಯರೂ ಇದ್ದಾರೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಗೃಹ ಆರೋಗ್ಯ ಎಂಬ ಕಾರ್ಯಕ್ರಮವನ್ನು ಮೊದಲುಮಾಡಿ ಬಿ.ಪಿ., ಮಧುಮೇಹಗಳ ತಪಾಸಣೆಗೆ ಮನೆಬಾಗಿಲಿಗೆ ಹೋಗುವ ಪದ್ಧತಿಯನ್ನು ತಂದಿತು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆಯ ಕಾಯಿದೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆ, ಪ್ರತ್ಯೇಕ ಸರತಿ ಮುಂತಾದುವನ್ನು ಹೇಳುತ್ತದೆ. ಹಾಸಿಗೆಯಿಂದ ಎದ್ದು ಹೋಗುವ ಹಿರಿಯರ ಗತಿಯನ್ನು ಕುರಿತೂ ಆ ಕಾಳಜಿ ವಿಸ್ತರಿಸಬೇಕು. ಅರವತ್ತೈದು ದಾಟಿದವರು ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಹೊರಟಾಗ, ಕುಟುಂಬದ ಒಪ್ಪಿಗೆ ಪಡೆದು, ಸಮರಿಯ ಒಂದು ಪ್ರತಿಯನ್ನು ಆ ಬಡಾವಣೆಯ ನಮ್ಮ ಕ್ಲಿನಿಕ್‌ಗೆ ತಲಪಿಸಿ, ಅಲ್ಲಿನ ದಾದಿ ಮೂರನೆಯ ದಿನ ಮನೆಗೆ ಹೋಗಿ ಗಾಯವನ್ನೂ ಮಾತ್ರೆಗಳನ್ನೂ ನೋಡಿಬರುವಂತೆ ಮಾಡುವುದು ಆರೋಗ್ಯ ಇಲಾಖೆಯ ಒಂದು ಸುತ್ತೋಲೆಯಿಂದ ಆರಂಭವಾಗಬಹುದಾದ ಕೆಲಸ. ಯಲಹಂಕದ ಸಾರ್ವಜನಿಕ ಆಸ್ಪತ್ರೆಯಿಂದಲೇ ಅದನ್ನು ಆರಂಭಿಸಿ ನೋಡಬಹುದು.

ಖಾಸಗಿ ಆಸ್ಪತ್ರೆಗಳಿಗೆ, ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಮಂಡಲಿಯಾದ ಎನ್.ಎ.ಬಿ.ಎಚ್.ನ ಮಾನ್ಯತೆ ಹೆಮ್ಮೆಯ ವಿಷಯ. ಅದರ ಫಲಕವನ್ನು ಪ್ರವೇಶದ್ವಾರದಲ್ಲಿಯೇ ತೂಗುಹಾಕಿರುತ್ತಾರೆ. ಆ ಮಾನದಂಡಗಳಲ್ಲಿಯೇ, ಸಮರಿಯಲ್ಲಿ ಔಷಧ, ಮರುಭೇಟಿಗಳ ವಿವರವಿರಬೇಕೆಂದೂ, ತುರ್ತು ಸಹಾಯವನ್ನು ಯಾವಾಗ ಹೇಗೆ ಪಡೆಯಬೇಕೆಂಬುದನ್ನು ರೋಗಿಗೆ ಅರ್ಥವಾಗುವಂತೆ ತಿಳಿಸಬೇಕೆಂದೂ ಇದೆ. ಅರ್ಥವಾಗುವಂತೆ ಎಂದರೆ, ದೊಡ್ಡಬಳ್ಳಾಪುರದಿಂದ ಬಂದ ರೈತ ಕುಟುಂಬಕ್ಕೆ, ದೊಡ್ಡ ಅಕ್ಷರದ ಕನ್ನಡದ ಒಂದು ಪುಟ. ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಮೂತ್ರ ನಿಂತರೆ, ಮಾತು ತಡಬಡಿಸಿದರೆ ಅಥವಾ ಮಂಪರು ಕವಿದರೆ, ಮಲ ಕಪ್ಪಗೆ ಹೋದರೆ ತಡಮಾಡದೆ ಕರೆಯಿರಿ ಎಂಬ ಮಾತು, ಮತ್ತು ರಾತ್ರಿಯೂ ಎತ್ತುವ ಒಂದು ಫೋನ್ ಸಂಖ್ಯೆ, ಆ ಪುಟದಲ್ಲಿದ್ದರೆ ಎಷ್ಟೋ ಪ್ರಾಣ ಉಳಿಯುತ್ತದೆ. ಸ್ವಾಗತಕಕ್ಷೆಯ ಸಾಮಾನ್ಯ ಸಂಖ್ಯೆಗೆ ಕರೆಮಾಡಿ, ಒಂದನ್ನು ಒತ್ತಿ ಎರಡನ್ನು ಒತ್ತಿ ಎಂಬ ಧ್ವನಿಯನ್ನು ಮಧ್ಯರಾತ್ರಿಯಲ್ಲಿ ಕೇಳುತ್ತ ಕೂಡುವ ಮುದುಕನ ಪಾಡನ್ನು ಆಸ್ಪತ್ರೆಯ ಆಡಳಿತಗಾರರು ಒಮ್ಮೆ ಊಹಿಸಿಕೊಳ್ಳಬೇಕು.

ಹೇಳಿಕೊಡುವ ಕ್ರಮವೂ ಬದಲಾಗಬೇಕು. ಡಿಸ್ಚಾರ್ಜಿನ ಹಿಂದಿನ ದಿನ, ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರನ್ನೇ ವಾರ್ಡಿಗೆ ಕರೆಸಿ, ಹಾಸಿಗೆಯಿಂದ ಏಳಿಸುವುದನ್ನೂ ಕೂರಿಸುವುದನ್ನೂ ಇಂಜೆಕ್ಷನ್ ಕೊಡುವುದನ್ನೂ ಅವರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಮಾತ್ರೆಗಳ ವಿವರವನ್ನು ಅವರ ಬಾಯಿಂದಲೇ ಮರಳಿ ಹೇಳಿಸಬೇಕು. "ಅರ್ಥವಾಯಿತಾ ಅಮ್ಮ?" ಎಂದು ಕೇಳಿದರೆ ನಮ್ಮ ಜನ ಸಂಕೋಚಕ್ಕೆ "ಆಯ್ತು ಸಿಸ್ಟರ್" ಎಂದೇ ಹೇಳುತ್ತಾರೆ, ಅದನ್ನು ಉತ್ತರವೆಂದು ತಿಳಿಯಕೂಡದು. ಒಂಟಿಯಾಗಿ ಬಾಳುವ ವೃದ್ಧರನ್ನು, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದೂ, ಕತ್ತಲಾದ ಮೇಲೆ ಕಳುಹಿಸುವುದನ್ನು ಯಾವ ಆಸ್ಪತ್ರೆಯೂ ಮಾಡಬಾರದು. ಅಂತಹವರ ನೆರವಿಗೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರದ ಪೊಲೀಸರೊಡನೆ ನಡೆಸುವ 1090 ಸಹಾಯವಾಣಿಯೂ, ದೇಶಕ್ಕೆಲ್ಲ ಒಂದಾದ 14567 ಸಂಖ್ಯೆಯೂ ಇವೆ. ವಾರ್ಡಿನ ಗೋಡೆಯ ಮೇಲೆ ಇವೆರಡನ್ನು ಬರೆಯಿಸಲು ಹೆಚ್ಚಿನ ವೆಚ್ಚವಿಲ್ಲ.

ಕುಟುಂಬದವರಿಗೂ ಒಂದು ಮಾತು. ನಾವು ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರ ಹೆಸರನ್ನು ವಿಚಾರಿಸುತ್ತೇವೆ, ಕೋಣೆಯ ಬಾಡಿಗೆ ವಿಚಾರಿಸುತ್ತೇವೆ, ಯಾವ ಕಂಪನಿಯ ಕೀಲು ಹಾಕುತ್ತಾರೆಂದು ಕೂಡ ವಿಚಾರಿಸುತ್ತೇವೆ. ಮನೆಗೆ ಹೇಗೆ ಕಳುಹಿಸುತ್ತೀರಿ ಎಂದು ವಿಚಾರಿಸುವುದಿಲ್ಲ. ಕೇಳುವವರು ಹೆಚ್ಚಿದರೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಆಸ್ಪತ್ರೆಗಳಿಗೆ ಅನಿವಾರ್ಯವಾಗುತ್ತದೆ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಬಿಲ್ಲು ಬಾಕಿಯೆಂದು ರೋಗಿಯನ್ನು ತಡೆದಿಡಬಾರದೆಂದು ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ. ಇವು ಬೇಡಿ ಪಡೆಯುವ ಉಪಕಾರಗಳಲ್ಲ.

ಆದುದರಿಂದ, ಮುಂದಿನ ತಿಂಗಳು ನಿಮ್ಮ ತಂದೆಗೋ ತಾಯಿಗೋ ಅತ್ತೆಗೋ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ, ಮುಂಗಡ ಹಣ ಕಟ್ಟುವುದಕ್ಕೆ ಮೊದಲು ಮನೆಯ ಮಾತ್ರೆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಮನೆಯ ಮೆಟ್ಟಿಲು ಎಷ್ಟು, ಶೌಚಾಲಯ ಎಂತಹದು, ಜೊತೆಗಿರುವವರು ಯಾರು ಎಂಬುದನ್ನು ವೈದ್ಯರಿಗೆ ಹೇಳಿ, ಇವರನ್ನು ಬೆಳಗಿನ ಹೊತ್ತಿನಲ್ಲಿ ಮನೆಗೆ ಕಳುಹಿಸುವಿರಾ, ಮೂರನೆಯ ದಿನ ನಮಗೆ ಯಾರು ಫೋನ್ ಮಾಡುತ್ತಾರೆ, ರಾತ್ರಿ ತೊಂದರೆಯಾದರೆ ನಾವು ಯಾರಿಗೆ ಮಾಡಬೇಕು ಎಂದು ಕೇಳಿ, ಆ ಹೆಸರನ್ನೂ ಸಂಖ್ಯೆಯನ್ನೂ ಅಂದೇ ಬರೆಯಿಸಿಕೊಂಡು ಬನ್ನಿ.